ಕೇಳಿಸಿಕೊಳ್ಳದ ಬೀದಿ

ನಮ್ಮೂರಿನಲ್ಲಿ ಬಾಯಿಬಿಟ್ಟು ಓದದೆ ಫೋನಿನಿಂದ ಒಂದಕ್ಷರವೂ ಆಚೆ ಹೋಗುವುದಿಲ್ಲ. ಬೆರಳಿನಿಂದ ಎಷ್ಟು ಬೇಕಾದರೂ ಬರೆದುಕೊಳ್ಳಬಹುದು, ಆದರೆ ಬರೆದದ್ದನ್ನು ಗಟ್ಟಿಯಾಗಿ ಓದಿದರೆ ಮಾತ್ರ ಹೋಗುತ್ತದೆ. ಪಿಸುಗುಟ್ಟಿದರೆ ಹೋಗುವುದಿಲ್ಲ. ಬಾಗಿಲು ಕಿಟಕಿ ಮುಚ್ಚಿಕೊಂಡು ಓದಿದರೂ ಹೋಗುವುದಿಲ್ಲ. ಕಿಟಕಿಯ ಹತ್ತಿರ ನಿಲ್ಲಬೇಕು, ದನಿ ಬೀದಿಗೆ ಬೀಳಬೇಕು. ಬರುವುದಕ್ಕೆ ಮಾತ್ರ ಯಾವ ಅಡ್ಡಿಯೂ ಇಲ್ಲ. ಅದು ಬೆಕ್ಕಿನ ಹಾಗೆ ಸದ್ದಿಲ್ಲದೆ ಬಂದು ಕೂರುತ್ತದೆ. ಹೀಗಾಗಿ ನಮ್ಮ ಬೀದಿಯಲ್ಲಿ ನಡೆದು ಹೋಗುವವರಿಗೆ ಪ್ರತಿಯೊಂದು ಮಾತುಕತೆಯ ಅರ್ಧ ಕೇಳುತ್ತದೆ.

ಬೆಳಿಗ್ಗೆ ಹಾಲು ಕಾಯುವ ಹೊತ್ತಿಗೇ ಶುರುವಾಗುತ್ತದೆ. ಒಂದು ಕಿಟಕಿಯಿಂದ, "ಅಕ್ಕಿ ಕಳಿಸಿ, ಉದ್ದಿನಬೇಳೆ ಕಳಿಸಿ, ಹೋದ ಸಲ ಹುಳ ಇತ್ತು, ಈ ಸಲ ನೋಡಿ ಹಾಕಿ." ಪಕ್ಕದ ಕಿಟಕಿಯಿಂದ ಬ್ಯಾಂಕಿನ ಓಟಿಪಿ, ಒಂದೊಂದೇ ಅಂಕಿ, ನಿಧಾನವಾಗಿ. ಮೂಲೆಮನೆಯ ಮೇಷ್ಟ್ರು, "ಮಂಡಿ ನೋವಿಗೆ ಮನೆಮದ್ದು" ಎಂದು ಹುಡುಕುತ್ತಾರೆ. ಅದೇ ಮನೆಯ ಇನ್ನೊಂದು ಕಿಟಕಿಯಲ್ಲಿ ಅವರ ಹೆಂಡತಿ, "ಗಂಡ ಮಾತನಾಡದಿದ್ದರೆ ಏನು ಮಾಡಬೇಕು" ಎಂದು ಹುಡುಕುತ್ತಾರೆ. ಯಾರದೋ ಫೋಟೋ ಹಿಡಿಸಿದರೆ ಅದನ್ನೂ ಬಾಯಲ್ಲೇ ಹೇಳಬೇಕು. ಬಸ್ ಸ್ಟಾಪಿನಲ್ಲಿ ನಿಂತ ಕಾಲೇಜು ಹುಡುಗಿಯರು ಒಂದೇ ಸಮನೆ "ಲೈಕ್, ಲೈಕ್, ಲೈಕ್" ಅನ್ನುತ್ತಿದ್ದರೆ ಮರದಲ್ಲಿ ಗುಬ್ಬಿ ಸೇರಿದ ಹಾಗಿರುತ್ತದೆ.

ಇದನ್ನೆಲ್ಲ ಕೇಳಿಸಿಕೊಳ್ಳದಿರುವುದು ನಮ್ಮೂರಿನ ಮರ್ಯಾದೆ. ಮಕ್ಕಳಿಗೆ ತುತ್ತು ತಿನ್ನಲು ಕಲಿಸುವಾಗಲೇ ಇದನ್ನೂ ಕಲಿಸುತ್ತಾರೆ. ಕಿಟಕಿಯಿಂದ ಮಾತು ಬಿದ್ದರೆ ನೆಲ ನೋಡಬೇಕು. ಮುಖದಲ್ಲಿ ಏನೂ ಕಾಣಿಸಬಾರದು. ಆಮೇಲೆ ಅದರ ಸುದ್ದಿ ಎತ್ತಬಾರದು. ಓಟಿಪಿ ಕೇಳಿ ದುಡ್ಡು ಹೊಡೆದವರು ಈ ಊರಿನಲ್ಲಿ ಇಲ್ಲ, ಯಾಕೆಂದರೆ ಯಾರೂ ಓಟಿಪಿ ಕೇಳಿಸಿಕೊಂಡೇ ಇಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಸೈಕಲ್ ಅಂಗಡಿಯ ತಿಪ್ಪೇಶಿ ಒಮ್ಮೆ ಈ ಮರ್ಯಾದೆ ಮರೆತ. ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯೊಬ್ಬಳು ಕಿಟಕಿಯಲ್ಲಿ ನಿಂತು ತಾಯಿಗೆ, "ನಂಗಿಲ್ಲಿ ಇರಕ್ಕಾಗ್ತಿಲ್ಲ ಕಣಮ್ಮ" ಎಂದು ಕಳಿಸುತ್ತಿದ್ದಳು. ಕೆಳಗೆ ಟ್ಯೂಬಿಗೆ ಪ್ಯಾಚು ಹಾಕುತ್ತಿದ್ದ ತಿಪ್ಪೇಶಿ ತಲೆ ಎತ್ತಿ, "ಯಾಕವ್ವ, ಏನಾಯ್ತು?" ಎಂದುಬಿಟ್ಟ. ಅಷ್ಟೇ. ಮಾರನೆಯ ದಿನದಿಂದ ಅವನ ಅಂಗಡಿಯ ಮುಂದೆ ಒಂದು ಸೈಕಲ್ಲೂ ನಿಲ್ಲಲಿಲ್ಲ. ಅವನು ನಡೆದರೆ ಕಿಟಕಿಗಳು ಸಾಲಾಗಿ ಮುಚ್ಚಿಕೊಳ್ಳುತ್ತಿದ್ದವು. ಅಂಗಡಿ ಎತ್ತಿಕೊಂಡು ಎಲ್ಲಿಗೋ ಹೋದ. ಆ ಹುಡುಗಿ ಏನಾದಳು ಎಂದು ಯಾರೂ ಕೇಳಲಿಲ್ಲ. ಕೇಳುವುದು ಹೇಗೆ, ಯಾರಿಗೂ ಏನೂ ಗೊತ್ತಿರಲಿಲ್ಲವಲ್ಲ.

ನಾನು ಬಿ.ಎ. ಮುಗಿಸಿ ಚಿಕ್ಕಮ್ಮನ ಜೊತೆ ಒಂದು ಮಹಡಿ ಮನೆಯಲ್ಲಿದ್ದೇನೆ. ಅಮ್ಮ ಹೋದ ಮೇಲೆ ಚಿಕ್ಕಮ್ಮನೇ ಸಾಕಿದ್ದು. ನನ್ನ ದನಿ ನನಗೇ ಆಗದು. ಅದು ಗಂಟಲಿನಿಂದ ಹೊರಗೆ ಬಂದ ಕೂಡಲೇ ಯಾರದೋ ವಸ್ತು ಕದ್ದು ಸಿಕ್ಕಿಬಿದ್ದ ಹಾಗೆ ನಡುಗುತ್ತದೆ. ಕಾಲೇಜಿನ ಗೆಳತಿಯರ ಗುಂಪಿನಲ್ಲಿ ನಾನು ಈಗಲೂ ಇದ್ದೇನೆ. ಅವರು ಹಾಕಿದ್ದೆಲ್ಲ ಓದುತ್ತೇನೆ, ಉತ್ತರ ಬರೆಯುತ್ತೇನೆ, ಕಿಟಕಿಯವರೆಗೆ ಹೋಗುತ್ತೇನೆ, ವಾಪಸು ಬರುತ್ತೇನೆ. ಮೊದಮೊದಲು, "ಎಲ್ಲಿ ಸತ್ತೋದ್ಯೇ?" ಎಂದು ಕೇಳುತ್ತಿದ್ದವರು ಈಗ ಕೇಳುವುದನ್ನು ಬಿಟ್ಟಿದ್ದಾರೆ. ಕೆಲಸಕ್ಕೆ ಅರ್ಜಿ ಹಾಕಬೇಕೆಂದರೆ ಅಂಕ, ಜಾತಿ, ಅಪ್ಪನ ಹೆಸರು, ದೇಹದ ಮೇಲಿನ ಮಚ್ಚೆ ಎಲ್ಲವನ್ನೂ ಬೀದಿಗೆ ಓದಬೇಕು. ಅಂಕದವರೆಗೆ ಬಂದು ನಿಂತಿದ್ದೇನೆ. ಡೈರಿ ಬರೆಯುತ್ತೇನೆ, ಅದನ್ನು ಯಾರೂ ಓದಿ ಹೇಳು ಅನ್ನುವುದಿಲ್ಲ.

ಚಿಕ್ಕಮ್ಮನಿಗೆ ಇಂಥ ತೊಂದರೆ ಇಲ್ಲ. ಅವಳ ದನಿ ಹಪ್ಪಳ ಮುರಿದ ಹಾಗೆ ಗರಿಗರಿ. ಸಂಜೆ ಕಿಟಕಿಯಲ್ಲಿ ಕಾಲು ನೀಡಿ ಕೂತು ಮದುವೆಯ ವೆಬ್‌ಸೈಟಿನವರಿಗೆ ನನ್ನ ವಿವರ ಕಳಿಸುತ್ತಾಳೆ. "ಹುಡುಗಿ ಬಿ.ಎ. ಎಣ್ಣೆಗೆಂಪು ಬಣ್ಣ. ಅಡುಗೆ ಬರುತ್ತೆ. ಸ್ವಲ್ಪ ಮಾತು ಕಮ್ಮಿ, ಆದರೆ ಪೆದ್ದಿ ಅಲ್ಲ." ನಾನು ಅಲ್ಲೇ ಅವಳ ಬೆನ್ನ ಹಿಂದೆ ಸೊಪ್ಪು ಬಿಡಿಸುತ್ತಾ ನೆಲ ನೋಡುತ್ತಿರುತ್ತೇನೆ. ಕಳಿಸಿ ಆದ ಮೇಲೆ ನನ್ನ ಕಡೆ ತಿರುಗಿ, "ಸೊಪ್ಪು ಎಳೇದೈತಾ?" ಅನ್ನುತ್ತಾಳೆ. "ಹೂಂ" ಅನ್ನುತ್ತೇನೆ.

ಹೋದ ಮಳೆಗಾಲದ ಕೊನೆಗೆ ಎದುರು ಮಹಡಿಗೆ ಹೊರಗಿನವರೊಬ್ಬರು ಬಂದರು. ನಲವತ್ತರ ಆಸುಪಾಸಿನ ಹೆಂಗಸು, ಒಬ್ಬರೇ. ಬಸ್ ಸ್ಟ್ಯಾಂಡಿನ ಹತ್ತಿರದ ಬೇಕರಿಯಲ್ಲಿ ಬೇಯಿಸುವ ಕೆಲಸ. ನಸುಕಿಗೆ ಹೋಗಿ ಮಧ್ಯಾಹ್ನಕ್ಕೆ ಬರುತ್ತಿದ್ದರು. ನಮ್ಮ ಬೀದಿ ಎಷ್ಟು ಕಿರಿದೆಂದರೆ ಅವರು ಕಿಟಕಿ ತೆರೆದ ಕೂಡಲೇ ಯೀಸ್ಟಿನ ವಾಸನೆ ನಮ್ಮ ಅಡುಗೆಮನೆಗೆ ಬರುತ್ತಿತ್ತು. ಆ ಕಿಟಕಿಯ ಕಟ್ಟೆ ಎತ್ತರ, ಅವರ ಮುಖ ಮತ್ತು ಹೆಗಲು ಮಾತ್ರ ಕಾಣುತ್ತಿತ್ತು. ಅದನ್ನೂ ನಾನು ನೋಡುತ್ತಿರಲಿಲ್ಲ. ಕೇಳಿಸುವುದನ್ನು ಮಾತ್ರ ತಡೆಯಲು ಆಗುತ್ತಿರಲಿಲ್ಲ.

"ಊಟ ಆಯ್ತೇನಮ್ಮ?" ಎಂದು ಮೊದಲ ದಿನ ಕಳಿಸಿದರು. ಮಾರನೆಯ ದಿನವೂ ಅದೇ. ಯಾರೋ ತಂಗಿಯೋ ಮಗಳೋ ಇರಬೇಕು ಅಂದುಕೊಂಡೆ. ಬರುಬರುತ್ತ ಮಾತು ಬೆಳೆಯಿತು. "ಇವತ್ತು ಒಲೆ ಮುನಿಸ್ಕೊಂಡಿತ್ತು ಕಣೆ. ಬನ್ನೆಲ್ಲ ಒಂದು ಕಡೆ ಕಪ್ಪು, ಒಂದು ಕಡೆ ಹಿಟ್ಟು. ನಮ್ಮ ಬೇಕರಿ ಯಜಮಾನ ಕಪ್ಪು ಕಡೆ ಒಳಕ್ಕೆ ತಿರುಗಿಸಿ ಜೋಡ್ಸಿಟ್ಟ." ಇನ್ನೊಂದು ದಿನ, "ಈ ನೀಲಿ ಬಣ್ಣ ನಿನಗೆ ಒಪ್ಪುತ್ತೆ. ಯಾರು ಆರಿಸಿದ್ದು?" ಮತ್ತೊಂದು ದಿನ, "ಕೆಮ್ಮು ಇನ್ನೂ ಹೋಗಿಲ್ವ? ಮೆಣಸು ಜೀರಿಗೆ ಕುಟ್ಟಿ ಕಷಾಯ ಮಾಡ್ಕೊ, ಸೋಂಬೇರಿತನ ಮಾಡ್ಬೇಡ."

ಆ ದಿನಗಳಲ್ಲಿ ನನಗೂ ಕೆಮ್ಮಿತ್ತು. ಯಾರದೋ ಮನೆಗೆ ಕೊಟ್ಟ ಔಷಧಿಯನ್ನು ಕದ್ದ ಹಾಗೆ, ಮೆಣಸು ಜೀರಿಗೆ ಕುಟ್ಟಿ ಕಷಾಯ ಮಾಡಿಕೊಂಡು ಕುಡಿದೆ. ಕೆಮ್ಮು ನಿಂತಿತು. ಅವರ ಆ ತಂಗಿಯ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ಎಲ್ಲೋ ದೂರದಲ್ಲಿ ನೀಲಿ ಬಟ್ಟೆ ಹಾಕಿಕೊಂಡು ಓಡಾಡುವ ಆ ಹುಡುಗಿಗೆ ತನ್ನ ಪುಣ್ಯ ಗೊತ್ತಿದೆಯೋ ಇಲ್ಲವೋ. ಮಧ್ಯಾಹ್ನ ಕಿಟಕಿಯ ಹತ್ತಿರ ಹೆಸರುಬೇಳೆ ಆರಿಸುವ ನೆವ ಮಾಡಿಕೊಂಡು ಕೂರತೊಡಗಿದೆ. ಕಲ್ಲಿಲ್ಲದ ಬೇಳೆಯನ್ನೇ ಮತ್ತೆ ಮತ್ತೆ ಆರಿಸುತ್ತಿದ್ದೆ. ಇಡೀ ಬೀದಿಯ ಗದ್ದಲದಲ್ಲಿ ಅದೊಂದು ದನಿಗೆ ನಾನು ಕಾಯುತ್ತಿದ್ದೆ. ದಿನ ಅಲ್ಲಿಯವರೆಗೆ ಏರಿ ಅಲ್ಲಿಂದ ಇಳಿಯುತ್ತಿತ್ತು. "ಬಟ್ಟೆ ತಗೊಳೇ, ಹನಿ ಬೀಳ್ತಿದೆ" ಎಂದು ಒಮ್ಮೆ ಕಳಿಸಿದರು. ಆ ಊರಿನಲ್ಲೂ ಮಳೆಯೇನೋ ಅಂದುಕೊಂಡು ನೆಲ ನೋಡುತ್ತ ಕೂತೆ. ನಮ್ಮ ಬಟ್ಟೆಯೆಲ್ಲ ನೆನೆದು ಚಿಕ್ಕಮ್ಮ ಬೈದಳು.

ಆಮೇಲೆ ಗುಡ್ಡದ ಮೇಲಿನ ಟವರು ಕೆಟ್ಟಿತು.

ಎದ್ದಾಗ ಏನೋ ಕಡಿಮೆಯಾಗಿದೆ ಅನ್ನಿಸಿತು, ಏನೆಂದು ತಿಳಿಯಲಿಲ್ಲ. ಕಾಗೆ ಕೂಗುವುದು ಕೇಳಿತು. ನಲ್ಲಿ ತೊಟ್ಟಿಕ್ಕುವುದು ಕೇಳಿತು. ಜನ ಕಿಟಕಿಗೆ ಬಂದು ಬಾಯಿ ತೆರೆದು, ಫೋನು ನೋಡಿ, ಬಾಯಿ ಮುಚ್ಚಿಕೊಂಡು ಒಳಗೆ ಹೋಗುತ್ತಿದ್ದರು. ಚಿಕ್ಕಮ್ಮ ಒಂದೇ ಸಾಲನ್ನು ಮತ್ತೆ ಮತ್ತೆ ಓದಿದಳು, ಹೋಗಲಿಲ್ಲ.

"ಏನೇ ಇದು, ಕಿವಿಗೆ ಹತ್ತಿ ಇಟ್ಟಂಗಾಗೈತಲ್ಲ" ಅಂದಳು. ಫೋನನ್ನು ಅಕ್ಕಿಡಬ್ಬಿಯ ಮೇಲಿಟ್ಟಳು, ತೆಗೆದಳು, ಸೆರಗಿನಲ್ಲಿ ಒರೆಸಿದಳು. ಕೊನೆಗೆ ನನ್ನನ್ನೇ ಸಕ್ಕರೆ ತರಲು ಕಳಿಸಿದಳು. ಕಿರಾಣಿ ಅಂಗಡಿಯ ಮುಂದೆ ಜನ ನಿಂತಿದ್ದರು. ಅಂಗಡಿಯ ಸಂಪಂಗಪ್ಪ, "ಏನ್ ಬೇಕು ಹೇಳ್ರಪ್ಪ, ನಾನೇನ್ ಕಣಿ ಕೇಳ್ಲಾ?" ಅನ್ನುತ್ತಿದ್ದ. ಎಲ್ಲರೂ ಅಭ್ಯಾಸಬಲದಿಂದ ನೆಲ ನೋಡುತ್ತಿದ್ದರು. ನಾನು ಸಕ್ಕರೆಯ ಮೂಟೆಯ ಕಡೆ ಬೆರಳು ತೋರಿಸಿದೆ.

ಮಧ್ಯಾಹ್ನ ಎಂದಿನಂತೆ ಬೇಳೆಯ ಮೊರ ಹಿಡಿದು ಕೂತೆ. ಇವತ್ತು ಆ ದನಿಯೂ ಇರುವುದಿಲ್ಲ ಎಂದು ಗೊತ್ತಿತ್ತು, ಆದರೂ ಕೂತೆ. ಎದುರು ಕಿಟಕಿ ತೆರೆಯಿತು. ಯೀಸ್ಟಿನ ವಾಸನೆ ಬಂತು.

"ಏನಮ್ಮ, ಊರೆಲ್ಲ ಯಾಕಿಷ್ಟು ತಣ್ಣಗಿದೆ? ಯಾರಾದ್ರೂ ಹೋಗ್ಬಿಟ್ರ?"

ಬೇಳೆಯ ಮೇಲೆ ನನ್ನ ಕೈ ನಿಂತಿತು. ಊರಿನಲ್ಲಿ ಒಂದು ಫೋನೂ ನಡೆಯುತ್ತಿರಲಿಲ್ಲ. ಈ ಮಾತು ಹೋಗುವುದಾದರೂ ಎಲ್ಲಿಗೆ? ನಾನು ಮೊದಲ ಸಲ ತಲೆ ಎತ್ತಿ ನೋಡಿದೆ. ಕಟ್ಟೆಯ ಮೇಲಕ್ಕೆ ಎತ್ತಿದ ಅವರ ಒಂದು ಕೈಯಲ್ಲಿ ತೊಳೆದ ತಟ್ಟೆಯಿತ್ತು, ಇನ್ನೊಂದರಲ್ಲಿ ಒರೆಸುವ ಬಟ್ಟೆ. ಫೋನಿರಲಿಲ್ಲ. ಕಿವಿಯಲ್ಲಿ ಒಂದು ಚಿಕ್ಕ ಓಲೆ ಬಿಟ್ಟರೆ ಏನೂ ಇರಲಿಲ್ಲ. ಅವರು ನೋಡುತ್ತಿದ್ದುದು ನನ್ನ ಕಣ್ಣನ್ನು.

"ನಿನ್ನನ್ನೇ ಕಣೆ ಕೇಳ್ತಿರೋದು" ಅಂದರು.

ನಾನು ನೆಲ ನೋಡಿದೆ. ಬೇಕೆಂದು ನೋಡಿದ್ದಲ್ಲ. ಕಣ್ಣಿಗೆ ಧೂಳು ಬಿದ್ದರೆ ರೆಪ್ಪೆ ಮುಚ್ಚಿಕೊಳ್ಳುವುದಿಲ್ಲವೇ, ಹಾಗೆ. ಮುಖವನ್ನೂ ನಮ್ಮೂರಿನವರ ಹಾಗೆ ಬರಿದಾಗಿ ಇಟ್ಟುಕೊಂಡೆ. ಮತ್ತೆ ತಲೆ ಎತ್ತುವಷ್ಟರಲ್ಲಿ ಕಿಟಕಿ ಮುಚ್ಚಿತ್ತು.

ಆ ಸಂಜೆ ಟವರು ಸರಿಹೋಯಿತು. ತಡೆದಿದ್ದ ಮಾತೆಲ್ಲ ಬೀದಿಗೆ ಒಟ್ಟಿಗೆ ಬಿತ್ತು. ನಾನು ನನ್ನ ನೀಲಿ ಚೂಡಿದಾರವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದೆ. ಊಟ ಆಯ್ತಾ ಎಂದು ಕೇಳಿದ್ದು ನನ್ನನ್ನು. ಕೆಮ್ಮು ನನ್ನದು. ನೆನೆದ ಬಟ್ಟೆ ನಮ್ಮದು. ನಾನು ಹೊಟ್ಟೆಕಿಚ್ಚುಪಟ್ಟ ಆ ಹುಡುಗಿ ನಾನೇ ಆಗಿದ್ದೆ, ಮತ್ತು ಅವಳು ಒಂದು ಸಲವೂ ಉತ್ತರ ಕೊಟ್ಟಿರಲಿಲ್ಲ.

ಮಾರನೆಯ ದಿನದಿಂದ ಎದುರುಮನೆಯವರು ಮಾತಾಡಲಿಲ್ಲ. ಬರುತ್ತಿದ್ದರು, ಕಿಟಕಿ ತೆರೆಯುತ್ತಿದ್ದರು, ತಟ್ಟೆ ಒರೆಸುತ್ತಿದ್ದರು. ಬೀದಿಯಲ್ಲಿ ಎದುರಾದಾಗ ನಾನು ಇವತ್ತು ಹೇಳಿಯೇ ಬಿಡುತ್ತೇನೆ ಎಂದು ಉಸಿರು ತೆಗೆದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವರು ನೆಲ ನೋಡಿಕೊಂಡು ದಾಟಿ ಹೋಗುತ್ತಿದ್ದರು. ನಮ್ಮೂರಿನ ನಡೆಯನ್ನು ನಮಗಿಂತ ಚೆನ್ನಾಗಿ ಕಲಿತಿದ್ದರು.

ಒಂದು ಬೆಳಿಗ್ಗೆ ಎದುರುಮನೆಯ ಯಜಮಾನ ನಂಜೇಗೌಡರು ಜಗುಲಿಯಲ್ಲಿ ನಿಂತು ಓದುವುದು ಕೇಳಿತು. "ಮಹಡಿ ಮನೆ ಬಾಡಿಗೆಗಿದೆ. ನಲ್ಲಿ ನೀರಿದೆ. ಈ ಭಾನುವಾರ ಖಾಲಿಯಾಗುತ್ತದೆ. ಗಲಾಟೆ ಮಾಡದವರು ಸಂಪರ್ಕಿಸಿ."

ನಾನು ಅಡುಗೆಮನೆಗೆ ಹೋದೆ. ಚಿಕ್ಕಮ್ಮ ದೋಸೆ ಹುಯ್ಯುತ್ತಿದ್ದಳು.

"ಚಿಕ್ಕಮ್ಮ, ಎದುರುಮನೆಯವರು ಹೋಗ್ತಾರಂತೆ."

"ಯಾರಂದ್ರು?"

ನಾನು ಕಿಟಕಿಯ ಕಡೆ ನೋಡಿದೆ. ಅವಳು ಸೌಟು ಹಿಡಿದೇ ತಿರುಗಿದಳು. "ಕೇಳಿಸ್ಕೊಂಡ್ಯಾ?"

"ಕಿವಿಗೆ ಬಿತ್ತು."

"ಬೀಳತ್ತೆ. ಎಲ್ರಿಗೂ ಬೀಳತ್ತೆ. ಬಿದ್ದಿದ್ದನ್ನ ಎತ್ಕೊಂಡು ಮನೆಗೆ ತರ್ತಾರೇನೇ? ತಿಪ್ಪೇಶಿ ಗತಿ ಗೊತ್ತಲ್ಲ. ನಿನಗೆ ಗಂಡು ಹುಡುಕ್ತಿದೀನಿ ನಾನು, ಇಂಥ ಹೊತ್ತಲ್ಲಿ ಕಿವಿ ಉದ್ದ ಅಂತ ಹೆಸರು ಬಂದ್ರೆ ಯಾರು ಮಾಡ್ಕೊಂತಾರೆ?"

"ಮಾತು ಕಮ್ಮಿ ಅಂತ ಆಗ್ಲೇ ಹೇಳಿದೀಯಲ್ಲ" ಅಂದೆ. ಹೇಗೆ ಬಾಯಿಂದ ಬಂತೋ.

ದೋಸೆ ಸೀದ ವಾಸನೆ ಬಂತು. ಚಿಕ್ಕಮ್ಮ ತಿರುವಿ ಹಾಕಲಿಲ್ಲ. ಅವಳ ಮುಖ ಇದ್ದಕ್ಕಿದ್ದಂತೆ ಚಿಕ್ಕದಾಯಿತು. "ಅದನ್ನೂ ಕೇಳಿಸ್ಕೊಂಡಿದೀಯ?" ಅಂದಳು. ಸೌಟು ಕೆಳಗಿಟ್ಟು, "ಎಲ್ಲಾನೂ?"

"ಎಲ್ಲಾನೂ."

ಅವಳು ಸೀದ ದೋಸೆಯನ್ನು ತನ್ನ ತಟ್ಟೆಗೆ ಹಾಕಿಕೊಂಡಳು. ನನಗೆ ಬೇರೆ ಹುಯ್ದು ಕೊಟ್ಟಳು.

ಭಾನುವಾರ ಬೆಳಿಗ್ಗೆ ಎದುರಿಗೆ ಒಂದು ಟೆಂಪೋ ಬಂದು ನಿಂತಿತು. ಕಿಟಕಿಯಲ್ಲಿ ಅವರು ಪರದೆ ಬಿಚ್ಚಿ ಮಡಿಸುತ್ತಿದ್ದರು. ನಾನು ನಮ್ಮ ಕಿಟಕಿಯ ಸರಳು ಹಿಡಿದು ನಿಂತೆ. ಏನು ಹೇಳಬೇಕೆಂದು ಯೋಚಿಸಿಟ್ಟಿದ್ದೆಲ್ಲ ಹಾರಿಹೋಗಿತ್ತು. ಅವರ ಪ್ರಶ್ನೆಗಳು ಮಾತ್ರ ನೆನಪಿದ್ದವು. ಅವಕ್ಕೇ ಉತ್ತರ ಹೇಳತೊಡಗಿದೆ.

"ಊಟ ಆಯ್ತು" ಅಂದೆ. ದನಿ ಸಣ್ಣಗೆ ನಡುಗಿತು. "ದಿನಾ ಆಗ್ತಿತ್ತು. ನೀಲಿ ಬಟ್ಟೆ ಆರಿಸಿದ್ದು ನಾನೇ. ಕೆಮ್ಮು ಕಷಾಯಕ್ಕೆ ಹೋಯ್ತು. ಬಟ್ಟೆ ತಗೊಳ್ಳಲಿಲ್ಲ, ನೆನೆದುಹೋಯ್ತು. ಆವತ್ತು ಯಾರೂ ಸತ್ತಿರಲಿಲ್ಲ, ಟವರ್ ಕೆಟ್ಟಿತ್ತು."

ಕೆಳಗೆ ಹೂ ಮಾರುವವಳು ನೆಲ ನೋಡಿದಳು. ಮೇಷ್ಟ್ರು ಪೇಪರನ್ನು ಮುಖದವರೆಗೆ ಎತ್ತಿದರು. ಎದುರು ಕಿಟಕಿಯಲ್ಲಿ ಪರದೆ ಮಡಿಸುವ ಕೈ ಒಂದು ಕ್ಷಣ ನಿಂತಿತು. ಆಮೇಲೆ ಅವರು ಕಣ್ಣು ತಗ್ಗಿಸಿ, ಮುಖದಲ್ಲಿ ಏನೂ ತೋರಿಸದೆ, ಸದ್ದಾಗದ ಹಾಗೆ ಕಿಟಕಿಯನ್ನು ಮುಂದಕ್ಕೆಳೆದುಕೊಂಡರು. ಯಾರಿಗೋ ಏನೋ ಕಳಿಸುತ್ತಿರುವ ಹುಡುಗಿಗೆ ತೊಂದರೆಯಾಗಬಾರದು ಎಂಬ ಹಾಗೆ. ನಾವೆಲ್ಲ ಮಾಡುವ ಹಾಗೆ.

ಆ ಮುಚ್ಚಿದ ಕಿಟಕಿಯ ಮುಂದೆ ನಿಂತಾಗ ಅವರು ಇಷ್ಟು ದಿನ ನಿಂತದ್ದು ಎಲ್ಲಿ ಎಂದು ನನಗೆ ತಿಳಿಯಿತು.

ಕೈಯಲ್ಲೇ ಇದ್ದ ಫೋನನ್ನು ಮಂಚದ ಮೇಲೆ ಎಸೆದು ಮೆಟ್ಟಿಲಿಳಿದೆ. ಚಪ್ಪಲಿ ಹಾಕಿಕೊಳ್ಳಲಿಲ್ಲ. ಬೀದಿ ದಾಟಿ, ನಂಜೇಗೌಡರ ಮಹಡಿ ಹತ್ತಿ, ಬಾಗಿಲು ಬಡಿದೆ. ಅವರು ತೆರೆದರು. ಹತ್ತಿರದಿಂದ ನೋಡಿದರೆ ಅವರ ಮುಂಗೈಯಲ್ಲಿ ಸುಟ್ಟ ಕಲೆ ಇತ್ತು, ಇನ್ನೂ ಕೆಂಪಗೆ.

"ಅದು ನಿಮಗೆ ಹೇಳಿದ್ದು" ಅಂದೆ.

"ಯಾವುದು?"

"ಈಗ ಕಿಟಕೀಲಿ ಹೇಳಿದ್ನಲ್ಲ."

"ನಾನೇನೂ ಕೇಳಿಸ್ಕೊಂಡಿಲ್ಲಮ್ಮ" ಎಂದು ಬಹಳ ನಯವಾಗಿ ಹೇಳಿದರು.

"ಕೇಳಿಸ್ಕೊಳ್ಳಿ" ಅಂದೆ. ಅಷ್ಟರಲ್ಲಿ ಅಳು ಬಂದುಬಿಟ್ಟಿತು.

ಅವರು ನನ್ನ ಎರಡೂ ಕೈ ಹಿಡಿದು ಫೋನಿದೆಯೇನೋ ಎಂದು ಅಂಗೈ ಮೇಲೆ ಮಾಡಿ ನೋಡಿದರು. ಏನೂ ಇರಲಿಲ್ಲ. ಒಳಗೆ ಕರೆದುಕೊಂಡು ಹೋಗಿ ಸುತ್ತಿಟ್ಟ ಹಾಸಿಗೆಯ ಮೇಲೆ ಕೂರಿಸಿದರು.

"ಅಲ್ಲ ಕಣೆ, ನನಗೆ ನಾನಿದೀನೋ ಇಲ್ವೋ ಅಂತಾನೇ ಅನುಮಾನ ಬಂದಿತ್ತಲ್ಲೇ. ಬೇಕರೀಲಿ ಕೈ ಸುಟ್ಕೊಂಡು ಅಯ್ಯಮ್ಮ ಅಂದೆ. ಅಲ್ಲಿದ್ದವ್ರೆಲ್ಲ ನೆಲ ನೋಡಿದ್ರು. ಅದನ್ನೂ ಯಾರಿಗೋ ಕಳಿಸ್ತಿದೀನಿ ಅಂದ್ಕೊಂಡ್ರು."

"ಫೋನ್ ಇಲ್ವಾ ನಿಮ್ಮ ಹತ್ರ?"

"ಐತೆ, ಟ್ರಂಕಲ್ಲಿ. ಬಂದ ಹೊಸದ್ರಲ್ಲಿ ನಮ್ಮಣ್ಣಂಗೆ ಕಷ್ಟಸುಖ ಹೇಳೋಣ ಅಂತ ಕಿಟಕಿಗೆ ಬಂದೆ. ಊರಿಗೆಲ್ಲ ಕೇಳೋ ಹಾಗೆ ಅಳೋಕೆ ನನ್ನ ಕೈಲಾಗ್ಲಿಲ್ಲ. ಮಡಗ್ಬಿಟ್ಟೆ. ಎದುರಿಗೇ ಒಂದು ಹೆಣ್ಣು ಕೂತಿರ್ತದಲ್ಲ, ಅದರ ಜೊತೆ ಮಾತಾಡೋಣ, ಇದೆಲ್ಲ ಯಾಕೆ ಅಂದ್ಕೊಂಡೆ." ಅವರು ನಕ್ಕರು. "ಮೂಗಿ ಇರ್ಬೇಕು ಪಾಪ ಅಂತ ಆಮೇಲೆ ಅಂದ್ಕೊಂಡೆ. ನಿನ್ನ ಹೆಸರನ್ನ ಯಾರಾದ್ರೂ ಕೂಗ್ತಾರೇನೋ ಅಂತ ಕಾದೆ, ಗೊತ್ತಾದ್ರೆ ಹೆಸರು ಹಿಡಿದು ಕರೀಬೌದಲ್ಲ. ಯಾರೂ ಕೂಗ್ಲಿಲ್ಲ. ಏನೇ ನಿನ್ನ ಹೆಸರು?"

"ವಾರಿಜ."

"ನಾನು ದಾಕ್ಷಾಯಿಣಿ."

"ಹೋಗ್ಬೇಡಿ" ಅಂದೆ.

"ಬೇರೆ ಊರಲ್ಲಿ ಕೆಲ್ಸ ಒಪ್ಕೊಂಡಾಯ್ತು ಮಗ. ನಾಳೆ ಬೆಳಿಗ್ಗೆ ಒಲೆ ಮುಂದೆ ನಿಂತಿರ್ಬೇಕು." ಅವರು ನನ್ನ ಕಣ್ಣು ಒರೆಸಲು ಸೆರಗು ಹುಡುಕಿದರು, ಅದರಲ್ಲಿ ಹಿಟ್ಟಿತ್ತು. "ಆ ಊರು ಹೆಂಗೈತೋ. ಅಲ್ಲೂ ಹಿಂಗೇ ಇದ್ರೆ ಏನು ಮಾಡ್ಲಿ ಹೇಳು?"

ಕೆಳಗಿನಿಂದ ಡ್ರೈವರು, "ಅಕ್ಕಾ, ಹೊರಡಣ, ಬಿಸಿಲೇರ್ತದೆ" ಎಂದ.

"ತಡಿಯಪ್ಪ, ಮಾತಾಡ್ತಿದೀವಿ" ಎಂದು ದಾಕ್ಷಾಯಿಣಕ್ಕ ಕೂಗಿ ಹೇಳಿದರು.

ಡ್ರೈವರು ಬೈದುಕೊಂಡು ತಾನೇ ಒಂದೊಂದು ಸಾಮಾನು ಇಳಿಸತೊಡಗಿದ. ನಾನು ಮಾತಾಡಿದೆ. ಅಮ್ಮನ ಬಗ್ಗೆ, ಅಂಕದವರೆಗೆ ಬಂದು ನಿಂತ ಅರ್ಜಿಯ ಬಗ್ಗೆ, ಕಲ್ಲಿಲ್ಲದ ಬೇಳೆಯ ಬಗ್ಗೆ. ಅವರು, "ಆಮೇಲೆ?" ಅನ್ನುತ್ತಿದ್ದರು. ಒಲೆ ಹೋಯಿತು, ಟ್ರಂಕು ಹೋಯಿತು, ಕೊನೆಗೆ ನಾವು ಕೂತಿದ್ದ ಹಾಸಿಗೆಯನ್ನೂ ಡ್ರೈವರು ಕೇಳಿ ತೆಗೆದುಕೊಂಡು ಹೋದ. ಬರಿಯ ನೆಲದ ಮೇಲೆ ಕೂತು ಮಾತಾಡಿದೆವು. ಕೋಣೆ ಖಾಲಿಯಾದಷ್ಟೂ ದನಿ ದೊಡ್ಡದಾಗಿ ಕೇಳುತ್ತಿತ್ತು, ನನ್ನದೂ. ಇನ್ನು ಇಳಿಸುವುದಕ್ಕೆ ನಾವಿಬ್ಬರೇ ಉಳಿದಾಗ ಎದ್ದೆವು.

ಅವರು ಡ್ರೈವರನ ಪಕ್ಕ ಹತ್ತಿ ಕೂತರು. ಟೆಂಪೋ ಹೊಗೆ ಬಿಟ್ಟುಕೊಂಡು ಹೊರಟಿತು. ಬೀದಿಯ ತಿರುವಿನ ಹತ್ತಿರ ಹೋದಾಗ ಅವರು ಕುತ್ತಿಗೆ ಹೊರಗೆ ಹಾಕಿ, ಬೇಕರಿಯ ಒಲೆಯ ಸದ್ದನ್ನು ಮೀರಿ ಕೂಗಿ ಅಭ್ಯಾಸವಾದ ದನಿಯಲ್ಲಿ, "ವಾರಿಜಾ" ಎಂದು ಕೂಗಿದರು.

ಹೂ ಮಾರುವವಳು ನೆಲ ನೋಡಿದಳು. ಮೇಷ್ಟ್ರು ನೆಲ ನೋಡಿದರು. ನಮ್ಮ ಕಿಟಕಿಯಲ್ಲಿ ಚಿಕ್ಕಮ್ಮ ನಿಂತಿದ್ದಳು, ಅವಳು ಮಾತ್ರ ನನ್ನನ್ನು ನೋಡುತ್ತಿದ್ದಳು.

"ಓ" ಅಂದೆ.

ಟೆಂಪೋ ತಿರುವಿನಲ್ಲಿ ಮರೆಯಾಯಿತು. ಅವರಿಗೆ ಕೇಳಿಸಿತೋ ಇಲ್ಲವೋ. ಬರಿಗಾಲಿಗೆ ನೆಲ ಸುಡುತ್ತಿತ್ತು. ನಡುಬೀದಿಗೆ ಹೋಗಿ ನಿಂತು, ಎಲ್ಲ ಕಿಟಕಿಗೂ ಕೇಳುವ ಹಾಗೆ, ಇನ್ನೊಮ್ಮೆ ಓಗೊಟ್ಟೆ.